ಆರು ಬೆಳಗುಗಳ ವೇಳಾಪಟ್ಟಿ

2024ರ ಮಾರ್ಚ್ 12, ಮಂಗಳವಾರ. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡು ಸೇರಿದಂತೆ ರಾಜ್ಯದ ಎಲ್ಲೆಡೆ, ರಾಜ್ಯ ಪಠ್ಯಕ್ರಮದ ಶಾಲೆಗಳ ಐದು, ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳು ಎರಡನೇ ದಿನದ ಪತ್ರಿಕೆ ಬರೆದು ಮನೆಗೆ ಹೋದರು. ಮರುದಿನ ಪರೀಕ್ಷೆ ನಡೆಯಲಿಲ್ಲ. ಪರೀಕ್ಷೆಗೆ ಅವಕಾಶ ಕೊಟ್ಟಿದ್ದ ಹೈಕೋರ್ಟ್ ವಿಭಾಗೀಯ ಪೀಠದ ಮಧ್ಯಂತರ ಆದೇಶವನ್ನು ಸುಪ್ರೀಂ ಕೋರ್ಟ್ ಅದೇ ಮಂಗಳವಾರ ತೆಗೆದುಹಾಕಿತ್ತು. ಉಳಿದ ಪತ್ರಿಕೆಗಳನ್ನು ಮಕ್ಕಳು ಬರೆದದ್ದು ಮಾರ್ಚ್ 25ರಿಂದ. ಏಪ್ರಿಲ್ 8ರಂದು ಫಲಿತಾಂಶಕ್ಕೂ ಸುಪ್ರೀಂ ಕೋರ್ಟ್‌ನ ತಡೆ ಬಿತ್ತು.

ಹತ್ತು ವರ್ಷದ ಮಗುವಿಗೆ ಕಾಯ್ದೆ ಗೊತ್ತಿಲ್ಲ, ಪೀಠ ಗೊತ್ತಿಲ್ಲ. ನಾಳೆ ಗಣಿತ, ನಾಡಿದ್ದು ಪರಿಸರ ಅಧ್ಯಯನ ಎಂಬುದು ಗೊತ್ತಿರುತ್ತದೆ. ಆ ಮಗು ಓದಿನ ಲೆಕ್ಕ ಹಾಕುವುದೇ ಹಾಗೆ. ಶಾಲೆಯ ಗೋಡೆಗೆ ಅಂಟಿಸುವ ಒಂದು ಹಾಳೆಯ ವೇಳಾಪಟ್ಟಿಯ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಕಥೆಯಿದೆ. ಸರ್ಕಾರಿ ಶಾಲೆಯ ಮಕ್ಕಳ ಪಾಲಿಗೆ ಆ ಹಾಳೆ ಎಷ್ಟು ದೊಡ್ಡದು ಎಂಬುದನ್ನು ನಾವು ಇನ್ನೂ ಪೂರ್ತಿ ಅರಿತಂತಿಲ್ಲ.

ಮದರಾಸಿನಿಂದ ಮಲ್ಲೇಶ್ವರಕ್ಕೆ

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೂ ಮೊದಲು ಹಳೆಯ ಮೈಸೂರು ಸೀಮೆಯ ಹುಡುಗರು ಕಾಲೇಜು ಮೆಟ್ಟಿಲು ಹತ್ತಲು ಮದರಾಸು ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆ ಬರೆಯಬೇಕಿತ್ತು. ಪತ್ರಿಕೆಯೂ ದಿನಾಂಕವೂ ಅಲ್ಲೇ ತೀರ್ಮಾನವಾಗುತ್ತಿದ್ದವು. ಸಂಸ್ಥಾನದೊಳಗೆ ಲೋಯರ್ ಸೆಕೆಂಡರಿ ಪರೀಕ್ಷೆಯಿತ್ತು. ಅದನ್ನು ಪಾಸು ಮಾಡಿದವರಿಗೆ ಊರಲ್ಲಿ ಮರ್ಯಾದೆಯಿತ್ತು, ಸಣ್ಣಪುಟ್ಟ ಸರ್ಕಾರಿ ಕೆಲಸದ ಆಸೆಯೂ ಇತ್ತು.

1956ರಲ್ಲಿ ರಾಜ್ಯ ಒಂದಾದಾಗ ಮೈಸೂರು, ಮುಂಬೈ, ಹೈದರಾಬಾದ್, ಮದರಾಸು, ಕೊಡಗು ಹೀಗೆ ಐದು ಆಡಳಿತಗಳ ಶಾಲಾ ಪದ್ಧತಿಗಳು ಒಂದೇ ಸೂರಿನಡಿ ಬಂದವು. ಬೀದರಿನ ಹುಡುಗಿಯೂ ಬೇಲೂರಿನ ಹುಡುಗನೂ ಒಂದೇ ದಿನ, ಒಂದೇ ಗಂಟೆಗೆ, ಒಂದೇ ಪ್ರಶ್ನೆಪತ್ರಿಕೆ ಬಿಡಿಸಬೇಕಾದರೆ ಅದಕ್ಕೊಂದು ಪ್ರತ್ಯೇಕ ಮಂಡಳಿ ಬೇಕಿತ್ತು. 1966ರ ಕಾಯ್ದೆಯಿಂದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಗೆ ಕಾನೂನಿನ ಬಲ ಬಂತು. 2022ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯು ಪರೀಕ್ಷೆಗಳೆರಡನ್ನೂ ಒಂದೇ ಕಡೆ ತಂದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮಾಡಲಾಯಿತು. ಮಲ್ಲೇಶ್ವರದ ಕಚೇರಿಯಿಂದ ಹೊರಡುವ ಹಾಳೆ ಇವತ್ತು ಎಂಟು ಲಕ್ಷಕ್ಕೂ ಹೆಚ್ಚು ಎಸ್ಸೆಸ್ಸೆಲ್ಸಿ ಮಕ್ಕಳ ಮಾರ್ಚ್ ತಿಂಗಳನ್ನು ನಿರ್ಧರಿಸುತ್ತದೆ.

ಹಿರಿಯರ ನೆನಪಿನಲ್ಲಿ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯೂ ಇದೆ. ಫೇಲಾದವರು ಎಮ್ಮೆ ಕಾಯಲು, ತೋಟದ ಕೆಲಸಕ್ಕೆ ಹೋಗಿಬಿಡುತ್ತಿದ್ದ ಕಾಲ ಅದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ಭಯಕ್ಕೆ ಉತ್ತರ ಕೊಟ್ಟಿತು: ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅನುತ್ತೀರ್ಣಗೊಳಿಸಿ ಹಿಂದೆ ಉಳಿಸುವಂತಿಲ್ಲ, ಬೋರ್ಡ್ ಪರೀಕ್ಷೆ ಕಡ್ಡಾಯ ಮಾಡುವಂತಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗೆ ಪರೀಕ್ಷೆಯ ಬಾಗಿಲನ್ನು ಮತ್ತೆ ತೆರೆಯಿತು. ಮುಂದಿನ ಗೊಂದಲಕ್ಕೆಲ್ಲ ಬೀಜ ಇಲ್ಲಿದೆ.

ದಿನಾಂಕ ಕೂಡಿಸುವ ಕೆಲಸ

ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಮಾಡುವುದು ಕ್ಯಾಲೆಂಡರ್ ನೋಡಿ ಆರು ದಿನ ಗುರುತು ಹಾಕಿದಷ್ಟು ಸುಲಭವಲ್ಲ. ಮೊದಲು ದ್ವಿತೀಯ ಪಿಯು ಪರೀಕ್ಷೆ ಮುಗಿಯಬೇಕು. ಎರಡಕ್ಕೂ ಅದೇ ಖಜಾನೆ, ಅದೇ ಪೊಲೀಸರು, ಹಲವೆಡೆ ಅದೇ ಕಟ್ಟಡಗಳು. 2024ರಲ್ಲಿ ಪಿಯು ಮಾರ್ಚ್ 22ಕ್ಕೆ ಮುಗಿದು ಎಸ್ಸೆಸ್ಸೆಲ್ಸಿ 25ಕ್ಕೆ ಶುರುವಾಯಿತು. 2025ರಲ್ಲಿ 20ಕ್ಕೆ ಅದು ಮುಗಿದರೆ 21ಕ್ಕೆ ಇದು ಆರಂಭ. ಪ್ರಥಮ ಭಾಷೆಯಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್, ಸಂಸ್ಕೃತ ಇವೆ. ತಾಂತ್ರಿಕ ಶಾಲೆಗಳ ವಿಷಯಗಳು, ಸಂಗೀತ, ವೃತ್ತಿ ವಿಷಯಗಳಿಗೂ ಜಾಗ ಬೇಕು. ಯುಗಾದಿ, ರಂಜಾನ್, ಗುಡ್ ಫ್ರೈಡೆ ತಪ್ಪಿಸಬೇಕು. ಚುನಾವಣೆ ಬಂದ ವರ್ಷವಾದರೆ ಮೇಷ್ಟ್ರುಗಳೇ ಮತಗಟ್ಟೆ ಸಿಬ್ಬಂದಿ, ಶಾಲೆಗಳೇ ಮತಗಟ್ಟೆ.

ಇವೆಲ್ಲದರ ನಡುವೆ ಬಿಡುವಿನ ದಿನಗಳನ್ನು ಉಳಿಸಬೇಕು. 2024ರ ಪಟ್ಟಿ ನೋಡಿ: ಮಾರ್ಚ್ 25 ಪ್ರಥಮ ಭಾಷೆ, 27 ಸಮಾಜ ವಿಜ್ಞಾನ, 30 ವಿಜ್ಞಾನ, ಏಪ್ರಿಲ್ 2 ಗಣಿತ, 4 ತೃತೀಯ ಭಾಷೆ, 6 ದ್ವಿತೀಯ ಭಾಷೆ. ವಿಜ್ಞಾನಕ್ಕೂ ಗಣಿತಕ್ಕೂ ಮುಂಚೆ ಎರಡೆರಡು ದಿನ ಬಿಡುವು. ಪಟ್ಟಣದಲ್ಲಿ ವರ್ಷವಿಡೀ ಟ್ಯೂಷನ್‌ಗೆ ಹೋದ ಮಗುವಿಗೆ ಅದು ಪುನರಾವರ್ತನೆಯ ಸಮಯ. ಅರಸೀಕೆರೆ ತಾಲ್ಲೂಕಿನ ಕನಕಟ್ಟೆಯ ಕಡೆಯ ಹಳ್ಳಿಯಲ್ಲಿ ಸಂಜೆ ದನಕರು ನೋಡಿಕೊಂಡು ಓದುವ ಮಗುವಿಗೆ ಒಂದು ವಿಷಯಕ್ಕೇ ಇಡೀ ದಿನ ಸಿಗುವುದು ಆಗಲೇ.

ಪಟ್ಟಿ ಹೊರಬರುವುದಕ್ಕೂ ಒಂದು ಕ್ರಮವಿದೆ. ಮಂಡಳಿ ಮೊದಲು ತಾತ್ಕಾಲಿಕ ವೇಳಾಪಟ್ಟಿ ಪ್ರಕಟಿಸುತ್ತದೆ. ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತದೆ. ಬಂದ ಮಾತುಗಳನ್ನು ನೋಡಿ ಅಂತಿಮ ಪಟ್ಟಿ ಹೊರಡಿಸುತ್ತದೆ. ಮೊದಲು ಕೇಳು, ಆಮೇಲೆ ಹೇಳು ಎಂಬ ಈ ನಡೆಯ ಬೆಲೆ ಮುಂದೆ ಗೊತ್ತಾಗುತ್ತದೆ.

ದಿನಾಂಕ ಗಟ್ಟಿಯಾದ ಮೇಲೆ ಬಂಡಲ್‌ಗಳ ಪಯಣ. ಪ್ರಶ್ನೆಪತ್ರಿಕೆಗಳು ತಾಲ್ಲೂಕು ಖಜಾನೆಯಲ್ಲಿ ಬೀಗಮುದ್ರೆಯೊಳಗೆ ಇರುತ್ತವೆ. ಪರೀಕ್ಷೆಯ ಬೆಳಿಗ್ಗೆ ಮಾರ್ಗಾಧಿಕಾರಿಗಳು ಜೀಪಿನಲ್ಲಿ ಕೇಂದ್ರಗಳಿಗೆ ಒಯ್ಯುತ್ತಾರೆ. ಅಲ್ಲಿ ಮುಖ್ಯ ಅಧೀಕ್ಷಕರು, ಕೊಠಡಿ ಮೇಲ್ವಿಚಾರಕರು, ಸ್ಥಾನಿಕ ಜಾಗೃತ ದಳದವರು ಕಾದಿರುತ್ತಾರೆ. ಕೇಂದ್ರದ ಸುತ್ತ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿಗಳಿಗೆ ಬೀಗ. ಇಷ್ಟು ಬಿಗಿಯೇಕೆ ಎಂದರೆ 2016ನ್ನು ನೆನೆಯಬೇಕು. ಆ ವರ್ಷ ದ್ವಿತೀಯ ಪಿಯು ರಸಾಯನಶಾಸ್ತ್ರ ಪತ್ರಿಕೆ ಸೋರಿಕೆಯಾಯಿತು. ಮಾರ್ಚ್ 31ಕ್ಕೆ ಮರುಪರೀಕ್ಷೆ ಗೊತ್ತು ಮಾಡಿದರೆ ಅದೂ ಸೋರಿತು. ಕೊನೆಗೆ ನಡೆದದ್ದು ಏಪ್ರಿಲ್ 12ಕ್ಕೆ. ಮಕ್ಕಳು ಒಂದೇ ವಿಷಯಕ್ಕೆ ಮೂರು ಸಲ ಸಿದ್ಧರಾಗಬೇಕಾಯಿತು.

ಒಂದು ಜಿಲ್ಲೆ, ಹಲವು ಋತು

ರಾಜ್ಯಕ್ಕೆಲ್ಲ ಒಂದೇ ದಿನಾಂಕ ಎಂದಾಗ ಆ ದಿನಾಂಕ ಯಾವ ನೆಲದ ಮೇಲೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ಅದಕ್ಕೆ ಹಾಸನ ಜಿಲ್ಲೆಯ ಅರಸೀಕೆರೆ, ಹಳೇಬೀಡು, ಬೇಲೂರುಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ಅರಸೀಕೆರೆ ಬಯಲುಸೀಮೆ. ತೆಂಗು, ಕೊಬ್ಬರಿ, ರಾಗಿ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಹನ್ನೊಂದಕ್ಕೇ ಬಿಸಿಲು ಚುರುಗುಟ್ಟುತ್ತದೆ. ಹಳೇಬೀಡು, ಜಾವಗಲ್ಲು ಬಯಲಿಗೂ ಮಲೆನಾಡಿಗೂ ನಡುವಿನ ಅಂಚು. ಬೇಲೂರು ದಾಟಿ ಬಿಕ್ಕೋಡು, ಅರೇಹಳ್ಳಿಯತ್ತ ಹೋದರೆ ಕಾಫಿ ತೋಟಗಳು. ಅಲ್ಲಿ ಮಾರ್ಚ್, ಏಪ್ರಿಲ್ ಎಂದರೆ ಹೂಮಳೆ ಕಾಯುವ ಕಾಲ. ಕಾಡಾನೆಗಳು ತೋಟಕ್ಕಿಳಿದ ದಿನ ಮುಂಜಾನೆ ಮಗುವನ್ನು ಒಂಟಿಯಾಗಿ ಬಸ್ ನಿಲ್ದಾಣಕ್ಕೆ ಕಳಿಸುವ ತಾಯಿಯ ಆತಂಕ ಯಾವ ಸುತ್ತೋಲೆಯಲ್ಲೂ ಇಲ್ಲ.

ಸಣ್ಣ ಪ್ರೌಢಶಾಲೆಗಳ ಮಕ್ಕಳಿಗೆ ಪರೀಕ್ಷಾ ಕೇಂದ್ರ ತಮ್ಮ ಶಾಲೆಯಲ್ಲೇ ಇರುವುದಿಲ್ಲ. ಹೋಬಳಿ ಕೇಂದ್ರಕ್ಕೋ ಪಟ್ಟಣಕ್ಕೋ ಹೋಗಬೇಕು. ಹಾಲ್ ಟಿಕೆಟ್ ತೋರಿಸಿದರೆ ಪರೀಕ್ಷೆಯ ದಿನಗಳಲ್ಲಿ ಸಾರಿಗೆ ಬಸ್ಸಿನಲ್ಲಿ ಪ್ರಯಾಣ ಉಚಿತ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಎಲ್ಲ ದಿನವೂ ಉಚಿತ. ಆದರೆ ಬಸ್ಸು ಬರುವ ಹೊತ್ತು ಪರೀಕ್ಷೆಯ ಹೊತ್ತಿಗೆ ಹೊಂದಬೇಕಲ್ಲ. 2024ರಲ್ಲಿ ಹತ್ತೂವರೆಗಿದ್ದ ಪರೀಕ್ಷೆ 2025ರಲ್ಲಿ ಹತ್ತು ಗಂಟೆಗೆ ಬಂತು. ನಗರದಲ್ಲಿ ಅರ್ಧ ಗಂಟೆ ಏನೂ ಅಲ್ಲ. ಬೆಳಿಗ್ಗೆ ಒಂದೇ ಬಸ್ಸಿರುವ ಹಳ್ಳಿಯಲ್ಲಿ ಅದೇ ಅರ್ಧ ಗಂಟೆಯಿಂದ ಮಗು ಯಾರದೋ ಬೈಕಿಗೆ ಕಾಯಬೇಕಾಗಬಹುದು.

ಹಬ್ಬಗಳೂ ಹಾಗೆಯೇ. 2025ರಲ್ಲಿ ಸಮಾಜ ವಿಜ್ಞಾನ ಮಾರ್ಚ್ 29ಕ್ಕೆ, ವಿಜ್ಞಾನ ಏಪ್ರಿಲ್ 2ಕ್ಕೆ. ನಡುವೆ 30ಕ್ಕೆ ಯುಗಾದಿ, 31ಕ್ಕೆ ಹೊಸತೊಡಕು ಮತ್ತು ರಂಜಾನ್. ಪಟ್ಟಿಯ ಮೇಲೆ ಮೂರು ದಿನ ಬಿಡುವು, ಮನೆಯಲ್ಲಿ ನೆಂಟರಿಷ್ಟರ ಗದ್ದಲ. ಬೇಲೂರು ಚೆನ್ನಕೇಶವನ ತೇರು ಎಳೆಯುವುದೂ ಚೈತ್ರದಲ್ಲೇ. ಊರಿಗೆ ಊರೇ ಹಬ್ಬದ ಸಡಗರದಲ್ಲಿರುವ ಈ ಋತುವಿನಲ್ಲೇ ಮಕ್ಕಳು ತಲೆ ಬಗ್ಗಿಸಿ ಕೂರಬೇಕು.

ದಿನಾಂಕ ಕುಸಿದಾಗ

2020ರಲ್ಲಿ ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಕೊರೊನಾ ನುಂಗಿತು. ತಮಿಳುನಾಡು, ತೆಲಂಗಾಣಗಳು ಪರೀಕ್ಷೆ ರದ್ದು ಮಾಡಿದವು. ಕರ್ನಾಟಕ ಜೂನ್ 25ರಿಂದ ನಡೆಸಿಯೇ ಬಿಟ್ಟಿತು. ನೋಂದಾಯಿಸಿಕೊಂಡಿದ್ದವರು ಸುಮಾರು 8.48 ಲಕ್ಷ ಮಕ್ಕಳು. ಮುಂದಿನ ವರ್ಷ ಆರು ದಿನದ ಪರೀಕ್ಷೆ ಎರಡೇ ದಿನಕ್ಕೆ ಇಳಿಯಿತು. 2021ರ ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಒಟ್ಟಿಗೆ. 22ಕ್ಕೆ ಮೂರೂ ಭಾಷೆಗಳು. ಒಎಂಆರ್ ಹಾಳೆಯಲ್ಲಿ ಸರಿಯುತ್ತರ ಗುರುತಿಸುವುದಷ್ಟೇ. ಒಬ್ಬರನ್ನು ಬಿಟ್ಟು ಬರೆದವರೆಲ್ಲ ಪಾಸು. ಆ ಎರಡು ವರ್ಷ ದಿನಾಂಕ ಬದಲಾದದ್ದಕ್ಕೆ ಯಾರನ್ನೂ ದೂರುವಂತಿರಲಿಲ್ಲ.

2023 ಮತ್ತು 2024ರ ಕಥೆ ಹಾಗಲ್ಲ. ಕೊರೊನಾ ಕಾಲದ ಕಲಿಕೆಯ ನಷ್ಟ ಅಳೆಯಬೇಕೆಂದು ಸರ್ಕಾರ 2022ರ ಡಿಸೆಂಬರ್‌ನಲ್ಲಿ ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಘೋಷಿಸಿತು. ಶಾಲಾ ವರ್ಷ ಅರ್ಧ ಕಳೆದಿತ್ತು. ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದವು. 2023ರ ಮಾರ್ಚ್ 13ಕ್ಕೆ ಪರೀಕ್ಷೆ. ಮಾರ್ಚ್ 10ಕ್ಕೆ ಏಕಸದಸ್ಯ ಪೀಠ ಸುತ್ತೋಲೆಗಳನ್ನು ರದ್ದು ಮಾಡಿತು. 15ಕ್ಕೆ ವಿಭಾಗೀಯ ಪೀಠ ಅನುಮತಿ ಕೊಟ್ಟಿತು. 27ರಿಂದ ಪರೀಕ್ಷೆ ನಡೆಯಿತು. ಮರುವರ್ಷ ಒಂಬತ್ತು ಮತ್ತು ಹನ್ನೊಂದನೇ ತರಗತಿಗಳೂ ಸೇರಿದವು. ಮಾರ್ಚ್ 6ಕ್ಕೆ ರದ್ದು, 7ಕ್ಕೆ ತಡೆಯಾಜ್ಞೆ, 11ಕ್ಕೆ ಪರೀಕ್ಷೆ, 12ಕ್ಕೆ ಸುಪ್ರೀಂ ಕೋರ್ಟ್ ಆದೇಶ, 22ಕ್ಕೆ ವಿಭಾಗೀಯ ಪೀಠದ ಹೊಸ ತೀರ್ಪು, 25ಕ್ಕೆ ಮತ್ತೆ ಪರೀಕ್ಷೆ. ಅದೇ 25ರಂದು ಹತ್ತನೇ ತರಗತಿಯ ಪ್ರಥಮ ಭಾಷಾ ಪತ್ರಿಕೆಯೂ ಇತ್ತು.

ಎರಡು ವರ್ಷವೂ ಏಕಸದಸ್ಯ ಪೀಠ ಹೇಳಿದ ಮುಖ್ಯ ಮಾತು ಒಂದೇ. ಇಂಥ ದೊಡ್ಡ ಬದಲಾವಣೆಯನ್ನು ಸುತ್ತೋಲೆ, ಅಧಿಸೂಚನೆಗಳಿಂದ ತರಲಾಗದು. ಕರ್ನಾಟಕ ಶಿಕ್ಷಣ ಕಾಯ್ದೆಯ 145ನೇ ಸೆಕ್ಷನ್ ಪ್ರಕಾರ ನಿಯಮ ರೂಪಿಸಬೇಕು, ಆಕ್ಷೇಪಣೆ ಆಹ್ವಾನಿಸಬೇಕು, ಶಾಸನಸಭೆಯ ಮುಂದಿಡಬೇಕು. ವಿಭಾಗೀಯ ಪೀಠ ಇದನ್ನು ಒಪ್ಪಲಿಲ್ಲ ಎಂಬುದು ನಿಜ. ಆದರೂ ಎಸ್ಸೆಸ್ಸೆಲ್ಸಿ ವೇಳಾಪಟ್ಟಿಗೆ ಮಂಡಳಿ ಪ್ರತಿವರ್ಷ ತೋರುವ ಸೌಜನ್ಯ, ಅಂದರೆ ಮೊದಲು ಕೇಳಿ ಆಮೇಲೆ ಹೇಳುವುದು, ಹತ್ತು ವರ್ಷದ ಮಕ್ಕಳ ಪರೀಕ್ಷೆಗೆ ಸಿಗಲಿಲ್ಲ. ಖಾಸಗಿ ಶಾಲೆಗಳಿಗೆ ಸಂಘವಿತ್ತು, ವಕೀಲರಿದ್ದರು. ಸರ್ಕಾರಿ ಶಾಲೆಯ ಮಗುವಿನ ಪರವಾಗಿ ದಿನಾಂಕ ಕೇಳುವವರು ಯಾರೂ ಇರಲಿಲ್ಲ.

ಮೂರು ಅವಕಾಶ, ಮೂರು ಕಾಲ

ಹಿಂದೆ ಮಾರ್ಚ್‌ನಲ್ಲಿ ಫೇಲಾದರೆ ಒಂದು ವರ್ಷ ಹೋದಂತೆಯೇ. ಜೂನ್ ತಿಂಗಳ ಪೂರಕ ಪರೀಕ್ಷೆ ಬಂದ ಮೇಲೆ ಅದೇ ವರ್ಷ ಕಾಲೇಜು ಸೇರುವ ದಾರಿ ತೆರೆಯಿತು. 2023-24ರಿಂದ ಅದೂ ಹೋಗಿ ಪರೀಕ್ಷೆ-1, 2, 3 ಬಂದವು. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದೇ ಉಳಿಯುವ ವ್ಯವಸ್ಥೆ ಅದು. ಪೂರಕ ಎಂಬ ಹಣೆಪಟ್ಟಿ ಅಳಿದದ್ದು ದೊಡ್ಡ ಮಾತು.

ಅದೇ ವರ್ಷ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಏರಿಸಿದ ಮೇಲೆ. 2025ರ ಪರೀಕ್ಷೆ-1ರಲ್ಲಿ ಶೇ 62.34. 2019ರಲ್ಲಿ ಶೇ 89.33ರೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಹಾಸನ ಜಿಲ್ಲೆಯವರು ಈ ಅಂಕಿಗಳನ್ನು ನೋಡಿ ಸುಮ್ಮನಿರಲಾಗದು. ಇಷ್ಟು ಮಕ್ಕಳು ಮೊದಲ ಸಲ ದಡ ಸೇರುತ್ತಿಲ್ಲವೆಂದ ಮೇಲೆ ಆಮೇಲಿನ ಪರೀಕ್ಷೆಗಳ ದಿನಾಂಕಗಳು ಮೊದಲನೆಯದರಷ್ಟೇ ಮುಖ್ಯ.

ಆದರೆ ಅವು ಇನ್ನೂ ನೆಲೆ ಕಂಡಿಲ್ಲ. 2024ರಲ್ಲಿ ಪರೀಕ್ಷೆ-2 ಜೂನ್ 14ಕ್ಕೆ, ಪರೀಕ್ಷೆ-3 ಆಗಸ್ಟ್ 2ಕ್ಕೆ ಶುರುವಾದವು. 2025ರಲ್ಲಿ ಪರೀಕ್ಷೆ-2 ಮೇ 26ಕ್ಕೆ, ಮೂರನೆಯದು ಜುಲೈನಲ್ಲಿ. ಮೇ ಕೊನೆ ಎಂದರೆ ಹಾಸನ ಸೀಮೆಯಲ್ಲಿ ಆಲೂಗಡ್ಡೆ ಬಿತ್ತನೆಯ ಕಾಲ, ಹೊಲದಲ್ಲಿ ಮನೆಮಂದಿಯೆಲ್ಲ ಬೇಕು. ಜುಲೈ, ಆಗಸ್ಟ್ ಎಂದರೆ ಬೇಲೂರಿನ ಪಶ್ಚಿಮಕ್ಕೆ ಬಿಡದ ಮಳೆ. ಎರಡನೇ ಅವಕಾಶ ಬೇಕಾದ ಮಕ್ಕಳಲ್ಲಿ ಹೆಚ್ಚಿನವರು ಇಂಥ ಮನೆಗಳವರೇ.

ಜೂನ್‌ನಲ್ಲೇ ಹೇಳಿ

ಸುಧಾರಣೆಯ ಸೂಚನೆಯೂ ಇದೆ. 2026ರ ಮಾರ್ಚ್ 18ರಿಂದ ಏಪ್ರಿಲ್ 2ರವರೆಗಿನ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಅಂತಿಮ ಪಟ್ಟಿ 2025ರ ನವೆಂಬರ್‌ನಲ್ಲೇ ಬಂತು. ನಾಲ್ಕು ತಿಂಗಳು ಮುಂಚೆ ದಿನಾಂಕ ಸಿಕ್ಕರೆ ಮೇಷ್ಟ್ರು ಪಾಠ ಮುಗಿಸುವ ಲೆಕ್ಕ ಹಾಕುತ್ತಾರೆ, ಅಪ್ಪ ಅಮ್ಮ ಮದುವೆ ಮುಂಜಿಯ ಲಗ್ನ ನೋಡುವಾಗ ಎಚ್ಚರವಹಿಸುತ್ತಾರೆ, ಸಾರಿಗೆ ಡಿಪೊದವರು ಬಸ್ಸಿನ ಸಮಯ ಸರಿಪಡಿಸಬಹುದು.

ನವೆಂಬರ್‌ಗೆ ಆದದ್ದು ಜೂನ್‌ಗೂ ಆಗಬಹುದು. ಶಾಲೆ ತೆರೆಯುವ ದಿನವೇ ಆ ವರ್ಷದ ಎಲ್ಲ ಪರೀಕ್ಷೆಗಳ ದಿನಾಂಕ ಗೋಡೆಯ ಮೇಲಿರಲಿ. ತಾತ್ಕಾಲಿಕ ಪಟ್ಟಿ ಮಾಡುವಾಗಲೇ ಪ್ರತಿ ತಾಲ್ಲೂಕಿನ ಬಿಇಒ ಕಚೇರಿಯಿಂದ ಅಲ್ಲಿನ ಜಾತ್ರೆ, ಬಿತ್ತನೆ, ಮಳೆಯ ಮಾಹಿತಿ ತರಿಸಿಕೊಳ್ಳಲಿ. ಕಿರಿಯ ತರಗತಿಗಳಿಗೆ ಹೊಸ ಪರೀಕ್ಷೆ ತರುವುದಾದರೆ ನಿಯಮ, ಆಕ್ಷೇಪಣೆ, ಶಾಸನಸಭೆಯ ಚರ್ಚೆಯೆಲ್ಲ ಹಿಂದಿನ ವರ್ಷವೇ ಮುಗಿದಿರಲಿ. ಮಾರ್ಚ್ ತಿಂಗಳಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ಮಕ್ಕಳ ವರ್ಷ ತೀರ್ಮಾನವಾಗುವುದು ಬೇಡ. ಬಿಡುವಿನ ದಿನಗಳಲ್ಲಿ ಶಾಲೆಯ ಬಾಗಿಲು ತೆರೆದಿರಲಿ. ಅನುಮಾನ ಕೇಳಲು ಒಬ್ಬ ಮೇಷ್ಟ್ರು ಸಿಗಲಿ, ಓದಲು ಒಂದು ಬೆಂಚು ಸಿಗಲಿ.

ಹಣವಿದ್ದವರ ಮನೆಯಲ್ಲಿ ದಿನಾಂಕ ತಡವಾದರೂ ಬದಲಾದರೂ ಟ್ಯೂಷನ್ ಇದೆ, ವಾಹನವಿದೆ, ವಿಚಾರಿಸಲು ಬಲ್ಲವರಿದ್ದಾರೆ. ಸರ್ಕಾರಿ ಶಾಲೆಯ ಮಗುವಿಗೆ ಇರುವುದು ಸರ್ಕಾರ ಕೊಟ್ಟ ಮಾತು ಮಾತ್ರ. ಇಂಥ ದಿನ, ಇಂಥ ಹೊತ್ತಿಗೆ ಪರೀಕ್ಷೆ ಎಂದು ಮೊದಲೇ ಹೇಳಿ ಅದಕ್ಕೆ ತಪ್ಪದೆ ನಡೆದುಕೊಳ್ಳುವುದಕ್ಕೆ ಹೆಚ್ಚಿನ ಅನುದಾನ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಮಗುವಿನ ಸಮಯಕ್ಕೂ ಬೆಲೆಯಿದೆ ಎಂದು ಒಪ್ಪಿಕೊಂಡರೆ ಸಾಕು.