ಮಣ್ಣು ತಿಂದ ಮಕ್ಕಳು

‘ಮಣ್ಣು ತಿಂದರೆ ಹೊಟ್ಟೆಯಲ್ಲಿ ಹುಳು ಆಗುತ್ತೆ’ ಎಂದು ಚಿಕ್ಕಂದಿನಲ್ಲಿ ಬೈಸಿಕೊಳ್ಳದವರು ಯಾರಿದ್ದಾರೆ ಹೇಳಿ? ಅಂಥದ್ದರಲ್ಲಿ ನಾವು ಎಂಟು ಜನ ಸೇರಿ ಸರ್ಕಾರಿ ಶಾಲೆಯೊಂದರ 72 ಮಕ್ಕಳಿಗೆ ಮಣ್ಣು ತಿನ್ನಿಸಿದೆವು. ಅದೂ ಎರೆಹುಳು ಸಮೇತ!

ಬಿ.ಎಸ್ಸಿ. ಕೃಷಿ ಓದುವವರು ಕೊನೆಯ ವರ್ಷದಲ್ಲಿ ಕೆಲವು ತಿಂಗಳು ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಕಲಿಯಬೇಕು. ನಮ್ಮ ತಂಡಕ್ಕೆ ಸಿಕ್ಕಿದ್ದು ಹೊನ್ನಾಳಿ ಕಡೆಯ ಒಂದು ಹಳ್ಳಿ. ಡಿಸೆಂಬರ್ 5 ವಿಶ್ವ ಮಣ್ಣು ದಿನ. ವಿಶ್ವಸಂಸ್ಥೆ 2014ರಿಂದ ಆಚರಿಸುತ್ತಿದೆ. ಅಂದು ಊರಿನ ಶಾಲೆಯಲ್ಲಿ ಕಾರ್ಯಕ್ರಮ ಮಾಡಬೇಕಿತ್ತು. ಮಾತನಾಡುವ ಪಾಳಿ ನನ್ನದು.

ನನಗೋ ಹತ್ತು ಜನ ಎದುರಿಗಿದ್ದರೆ ನಾಲಿಗೆ ಒಣಗುತ್ತದೆ. ಹಿಂದಿನ ತಿಂಗಳು ಅದೇ ಶಾಲೆಯಲ್ಲಿ ಚಾರ್ಟ್ ಹಿಡಿದು ಗೊಬ್ಬರದ ಬಗ್ಗೆ ಹತ್ತು ನಿಮಿಷ ಮಾತಾಡಿದ್ದೆ. ಮುಂದಿನ ಸಾಲಿನ ಹುಡುಗ ನಿದ್ದೆ ಹೋಗಿದ್ದ, ಎಚ್ಚರವಿದ್ದವರು ಆಕಳಿಸುತ್ತಿದ್ದರು. ‘ಈ ಸಲ ಚಾರ್ಟ್ ಬೇಡ, ತಿನ್ನೋದು ಏನಾದ್ರೂ ಕೊಟ್ಟು ಕೂರಿಸೋಣ’ ಎಂದು ಗೆಳತಿ ತಮಾಷೆಗೆ ಅಂದಳು. ನನಗೆ ಅದೇ ಹಿಡಿಸಿತು. ಬಾವಿ ತೋಡುವಾಗ ಗೋಡೆಯಲ್ಲಿ ಮಣ್ಣು ಪದರ ಪದರವಾಗಿ ಕಾಣುತ್ತದಲ್ಲ, ಅದನ್ನೇ ಪಾರದರ್ಶಕ ಲೋಟದಲ್ಲಿ ಪುಡಿಂಗ್ ಮಾಡಿದರೆ?

ಓವನ್ ಇಲ್ಲ, ಫ್ರಿಜ್ ಇಲ್ಲ. ಇದ್ದದ್ದು ನಾವು ಬಾಡಿಗೆಗಿದ್ದ ಮನೆಯ ಅಜ್ಜಿಯ ಗ್ಯಾಸ್ ಒಲೆ ಮತ್ತು ಎರಡು ದೊಡ್ಡ ಪಾತ್ರೆ. ತಲೆಗೆ 150ರಂತೆ 1,200 ರೂಪಾಯಿ ಸೇರಿಸಿದೆವು. ಮಕ್ಕಳು, ಮೇಷ್ಟ್ರು, ಬಿಸಿಯೂಟದ ಅಕ್ಕಂದಿರು ಎಲ್ಲ ಸೇರಿ 80 ಲೋಟ. ಅಂದರೆ ಲೋಟಕ್ಕೆ 15 ರೂಪಾಯಿ. ಚಮಚ ಮಾತ್ರ ಮನೆಯಿಂದಲೇ ತನ್ನಿ ಎಂದು ಮಕ್ಕಳಿಗೆ ಹೇಳಿದ್ದೆವು.

ತಳದಲ್ಲಿ ಬಂಡೆ ಬೇಕು. ಅದಕ್ಕೆ ಒಂದು ಕೆ.ಜಿ. ಕಡಲೆಮಿಠಾಯಿಯನ್ನು ಕುಟ್ಟಿ ಚೂರು ಮಾಡಿದೆವು. ಕಡಲೆಕಾಯಿ ತಿಂದರೆ ಆಗದ ಮಕ್ಕಳು ಇದ್ದಾರಾ ಎಂದು ಮೊದಲೇ ಕೇಳಿಕೊಂಡಿದ್ದೆವು. ಅದರ ಮೇಲೆ ಶಿಥಿಲವಾದ ಕಲ್ಲು, ಅಂದರೆ ಒರಟಾಗಿ ಮುರಿದ ಮಾರಿ ಬಿಸ್ಕತ್ತು. ಅದರ ಮೇಲೆ ಹಳದಿ ಮಣ್ಣು: ಐದು ಲೀಟರ್ ಹಾಲು, 300 ಗ್ರಾಂ ಕಸ್ಟರ್ಡ್ ಪುಡಿ, ಮುಕ್ಕಾಲು ಕೆ.ಜಿ. ಸಕ್ಕರೆ. ಪುಡಿಯನ್ನು ತಣ್ಣನೆ ಹಾಲಿನಲ್ಲೇ ಕದಡಬೇಕು, ಬಿಸಿ ಹಾಲಿಗೆ ಸುರಿದರೆ ಗಂಟು ಗ್ಯಾರಂಟಿ.

‘ಇದಕ್ಕೆ ಮೊಟ್ಟೆ ಹಾಕಿದ್ದೀರಾ?’ ಎಂದು ಶಾಲೆಯ ಮೇಡಂ ಮೊದಲೇ ವಿಚಾರಿಸಿದ್ದರು. ಹಾಕಿಲ್ಲ. ಕಸ್ಟರ್ಡ್ ಪುಡಿ ಹುಟ್ಟಿದ್ದೇ ಮೊಟ್ಟೆ ಬೇಡವೆಂದು. ಹೆಂಡತಿಗೆ ಮೊಟ್ಟೆ ಒಗ್ಗುವುದಿಲ್ಲ ಎಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಇದನ್ನು ಮಾಡಿದ.

ಹಳದಿಯ ಮೇಲೆ ಕೆಮ್ಮಣ್ಣು. ಒಂದು ಕೆ.ಜಿ. ಬೀಟ್‌ರೂಟ್ ತುರಿದು ಕುದಿಸಿ, ಸೋಸಿ, ಎರಡೂವರೆ ಲೀಟರ್ ಕೆಂಪು ನೀರು ಮಾಡಿಕೊಂಡೆವು. ಅದಕ್ಕೆ ಅರ್ಧ ಕೆ.ಜಿ. ಸಕ್ಕರೆ, ನೆನೆಸಿದ 30 ಗ್ರಾಂ ಚೈನಾ ಗ್ರಾಸ್ ಹಾಕಿ ಎಳೆಗಳು ಪೂರ್ತಿ ಕರಗುವ ತನಕ ಕುದಿಸಿ, ಇಳಿಸಿದ ಮೇಲೆ ನಾಲ್ಕು ನಿಂಬೆಹಣ್ಣು ಹಿಂಡಿದೆವು. ಅಂಗಡಿಯ ಜೆಲ್ಲಿಯಲ್ಲಿ ಸಾಮಾನ್ಯವಾಗಿ ಇರುವ ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ಗಟ್ಟಿಯಾಗಲು ಫ್ರಿಜ್ ಬೇಕು. ಚೈನಾ ಗ್ರಾಸ್ ಸಮುದ್ರದ ಪಾಚಿಯಿಂದ ಬರುವಂಥದ್ದು. ಸುಮಾರು 40 ಡಿಗ್ರಿಗೆ ಇಳಿದರೆ ಸಾಕು, ತಾನಾಗಿ ಹೆಪ್ಪುಗಟ್ಟುತ್ತದೆ.

ಹೇಳುವುದು ಸುಲಭ. ಹಿಂದಿನ ರಾತ್ರಿ ಪ್ರಯೋಗಕ್ಕೆಂದು ನಾಲ್ಕು ಲೋಟ ಮಾಡಿದಾಗ ನಮ್ಮ ಮಾನ ಹೋಯಿತು. ಕಸ್ಟರ್ಡ್ ಇನ್ನೂ ಬೆಚ್ಚಗಿದ್ದಾಗಲೇ ಕುದಿಯುವ ಕೆಂಪು ನೀರು ಸುರಿದೆ. ಅದು ಹಳದಿಯನ್ನು ಸೀಳಿಕೊಂಡು ಸೀದಾ ತಳಕ್ಕೆ ಹೋಯಿತು. ಎಲ್ಲ ಕಲಸಿ ಗುಲಾಬಿ ಬಣ್ಣದ ಗೊಜ್ಜು.

ಅಜ್ಜಿ ಲೋಟ ಎತ್ತಿ ನೋಡಿ, ‘ಇದೇನವ್ವ, ನಾಟಿಗೆ ಕೆಸರು ಹೊಡೆದ ಗದ್ದೆ ಆತಲ್ಲ!’ ಎಂದು ನಕ್ಕರು. ಆಮೇಲೆ ಅವರೇ ಹೇಳಿದ್ದು: ‘ಕೆಳಗಿಂದು ಕೂರಕ್ಕೆ ಬಿಡ್ರವ್ವ. ಮ್ಯಾಲಿಂದಕ್ಕೆ ಏನ್ ಅವಸರ?’

ಬೆಳಿಗ್ಗೆ ಆರಕ್ಕೆ ಡೇರಿಯಿಂದ ಹಾಲು ಬಂತು. ಕಸ್ಟರ್ಡ್ ತುಂಬಿದ ಲೋಟಗಳನ್ನು ತಣ್ಣೀರಿನ ತಟ್ಟೆಗಳಲ್ಲಿ ಸಾಲಾಗಿ ಇಟ್ಟು, ಒಂದು ಗಂಟೆ ಮುಟ್ಟಲಿಲ್ಲ. ಬೆರಳಿಟ್ಟರೆ ಅಂಟದಂತಾದ ಮೇಲೆ, ಉಗುರುಬೆಚ್ಚಗಿಂತ ತುಸು ಬಿಸಿಯಿದ್ದ ಕೆಂಪು ನೀರನ್ನು ಚಮಚದ ಬೆನ್ನಿನ ಮೇಲೆ ಹರಿಸಿ ನಿಧಾನಕ್ಕೆ ಬಿಟ್ಟೆವು. ಮಧ್ಯೆ ಪಾತ್ರೆಯಲ್ಲೇ ಅರ್ಧ ಹೆಪ್ಪುಗಟ್ಟಿತು. ಗಾಬರಿಯಾಗಲಿಲ್ಲ; ಮತ್ತೆ ಕುದಿಸಿದರೆ ಕರಗುತ್ತದೆ, ಮತ್ತೆ ಕಟ್ಟುತ್ತದೆ. ತಟ್ಟೆಗೆ ಬಿಟ್ಟಿದ್ದ ಸ್ವಲ್ಪ ಜೆಲ್ಲಿಯನ್ನು ಸಣ್ಣಗೆ ಉದ್ದುದ್ದ ಕೊಯ್ದರೆ ಎರೆಹುಳು ರೆಡಿ. ಚಾಕೊಲೇಟ್ ಬಿಸ್ಕತ್ತಿನ ಪುಡಿಯನ್ನು, ಅಂದರೆ ಮೇಲ್ಮಣ್ಣನ್ನು, ಬಡಿಸುವ ಮುಂಚೆಯಷ್ಟೇ ಉದುರಿಸಿದೆವು. ಮೊದಲೇ ಹಾಕಿದರೆ ಮೆತ್ತಗಾಗುತ್ತದೆ. ಕೊನೆಗೆ ಒಂದೊಂದು ಪುದೀನ ಕುಡಿ ನೆಟ್ಟೆವು. ಹಾಲಿನ ಪದಾರ್ಥ ಹೊರಗೆ ಬಹಳ ಹೊತ್ತು ಇಡಬಾರದು ಎಂದು ಹನ್ನೊಂದಕ್ಕೆಲ್ಲ ಶಾಲೆಯಲ್ಲಿದ್ದೆವು.

‘ಮಣ್ಣು ತಿನ್ನೋಕೆ ಯಾರು ತಯಾರು?’ ಅಂದೆ. ಒಂದು ಕ್ಷಣ ಮೌನ. ಆಮೇಲೆ ಒಬ್ಬಳು, ‘ಕೃಷ್ಣ ತಿಂದಿದ್ನಲ್ಲ ಅಕ್ಕ, ನಾನೂ ತಿಂತೀನಿ’ ಎಂದು ಮುಂದೆ ಬಂದಳು. ಶಾಲೆಯೇ ನುಗ್ಗಿತು.

ತಿನ್ನುವ ಮುಂಚೆ ಪದರ ಎಣಿಸಬೇಕು ಎಂಬುದು ಷರತ್ತು. ಲೋಟ ಬೆಳಕಿಗೆ ಹಿಡಿದು ಎಲ್ಲರೂ ಎಣಿಸಿದರು. ‘ಅಕ್ಕ, ಕೆಂಪಿಗೆ ಮಳೆ ಬಂದಾಗಿನ ವಾಸನೆ ಐತೆ’ ಎಂದ ಒಬ್ಬ. ನಿಜವೇ. ಬೀಟ್‌ರೂಟ್‌ನಲ್ಲಿ ಜಿಯೋಸ್ಮಿನ್ ಎಂಬ ವಸ್ತು ಇದೆ. ಮಣ್ಣಿನ ಸೂಕ್ಷ್ಮಜೀವಿಗಳೂ ಅದನ್ನೇ ತಯಾರಿಸುತ್ತವೆ. ಮೊದಲ ಮಳೆಯ ಘಮದಲ್ಲಿ ಇರುವುದೂ ಅದೇ. ನಾನು ಇದನ್ನು ಹೇಳುತ್ತಿದ್ದರೆ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ನಾಲಿಗೆ ಒಣಗುವುದು ನನಗೆ ಮರೆತೇ ಹೋಗಿತ್ತು.

ಅಷ್ಟರಲ್ಲಿ ಕಳೆದ ಸಲ ನಿದ್ದೆ ಹೋಗಿದ್ದ ಹುಡುಗ ಲೋಟ ಚಾಚಿಕೊಂಡು ಬಂದ. ಮೇಲಿನ ಚಾಕೊಲೇಟ್ ಪುಡಿಯನ್ನಷ್ಟೇ ಕೆರೆದು ತಿಂದಿದ್ದ. ‘ಅಕ್ಕ, ಮೇಲ್ಮಣ್ಣು ಇನ್ನೊಂಚೂರು ಹಾಕಿ.’

‘ಖಾಲಿ ಆಯ್ತಲ್ಲೋ. ನಿಜವಾದ ಮಣ್ಣು ಎರಡು ಮೂರು ಸೆಂಟಿಮೀಟರ್ ಆಗೋಕೆ ಸಾವಿರ ವರ್ಷ ಬೇಕಾಗಬಹುದು, ಗೊತ್ತಾ?’

‘ಹಂಗಾರೆ ನಮ್ಮೂರಾಗೆ ಇಟ್ಟಿಗೆ ಭಟ್ಟಿಗೆ ಯಾಕೆ ಹೊಡೀತಾರೆ?’

ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ನಾನು ಪಿಯುಸಿ ಮುಗಿಸಿದ ವರ್ಷ ಅಪ್ಪ ನಮ್ಮ ಅರ್ಧ ಎಕರೆಯ ಮೇಲ್ಮಣ್ಣನ್ನು ಒಂದೂವರೆ ಅಡಿ ಆಳಕ್ಕೆ ಇಟ್ಟಿಗೆ ಭಟ್ಟಿಗೆ ಮಾರಿದ್ದರು. ನನ್ನ ಮೊದಲ ವರ್ಷದ ಫೀಸು, ಹಾಸ್ಟೆಲ್ ಹಣ ಬಂದಿದ್ದು ಅದರಿಂದಲೇ. ಆಮೇಲೆ ಆ ತುಂಡಿನಲ್ಲಿ ಬೆಳೆ ಮೊಣಕಾಲೆತ್ತರ ದಾಟಿಲ್ಲ. ಮಣ್ಣು ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದ ನಾನು ಕಾಲೇಜಿನಲ್ಲಿ ಇದನ್ನು ಒಬ್ಬರಿಗೂ ಹೇಳಿರಲಿಲ್ಲ.

ಅಂದು ಹೇಳಿದೆ. ಅಪ್ಪನನ್ನು ಬೈಯದೆ, ಇದ್ದದ್ದು ಇದ್ದ ಹಾಗೆ. ‘ದುಡ್ಡು ಬೇಕಿತ್ತು, ಅದಕ್ಕೆ ಮಾರಿದರು. ಮಾರಿದ ಮೇಲೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿರಲಿಲ್ಲ’ ಅಂದೆ. ಹುಡುಗ ತನ್ನ ಲೋಟದೊಳಗೆ ನೋಡಿದ. ಮೇಲಿನದೆಲ್ಲ ಹೋಗಿ ಬರೀ ಕೆಂಪು ಉಳಿದಿತ್ತು. ‘ಇದರಾಗೆ ಗಿಡ ಬರಲ್ವಾ ಅಕ್ಕ?’ ಎಂದ. ಬರುತ್ತೆ, ಆದರೆ ನಿಧಾನ. ಸಗಣಿ ಗೊಬ್ಬರ, ಹಸಿರೆಲೆ ಗೊಬ್ಬರ ಕೊಡುತ್ತಾ ಬಹಳ ವರ್ಷ ಕಾಯಬೇಕು ಎಂದು ವಿವರಿಸಿದೆ. ಗಡಿಯಾರ ನೋಡಿದರೆ ಇಪ್ಪತ್ತೈದು ನಿಮಿಷ ಕಳೆದಿತ್ತು. ಯಾರೂ ಆಕಳಿಸಿರಲಿಲ್ಲ.

ಲೋಟಗಳನ್ನು ಬಿಸಾಡಲು ಬಿಡಲಿಲ್ಲ. ತೊಳೆದು, ತಳಕ್ಕೆ ತೂತು ಮಾಡಿ, ಶಾಲೆಯ ಹಿತ್ತಲಿನ ಮಣ್ಣು ತುಂಬಿ, ಮಕ್ಕಳ ಕೈಗೆ ಒಂದೊಂದು ಅವರೆ ಬೀಜ ಕೊಟ್ಟೆವು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ನಮ್ಮ ಹೊಲದ ಕಥೆ ಹೇಳಿದ್ದನ್ನೂ ಹೇಳಿದೆ. ಬೇಜಾರಾಗುತ್ತಾರೇನೋ ಎಂದು ಭಯವಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಮುಂಗಾರಿಗೆ ಆ ತುಂಡಿಗೆ ಅಪ್ಸೆಣಬು ಚೆಲ್ಲಾಣ ಅಂತಿದೀನಿ. ಬೀಜ ಎಲ್ಲಿ ಸಿಗುತ್ತೆ ಅಂತ ಕೇಳ್ಕಂಡು ಬರ್ತೀಯೇನವ್ವ?’