ಹೊಗೆಸೊಪ್ಪಿನ ನಾಡಿನಲ್ಲಿ ಉಸಿರಿನ ಸುಳಿವು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ—ಮೈಸೂರು ಜಿಲ್ಲೆಯ ಈ ತಾಲ್ಲೂಕುಗಳು ಹೊಗೆಸೊಪ್ಪಿಗೆ ಹೆಸರಾದವು. ಬ್ಯಾರನ್ನಿನಲ್ಲಿ ಸೊಪ್ಪು ಬೇಯುವ ದಿನಗಳಲ್ಲಿ ಅದರ ಘಾಟು ಸುತ್ತಲೂ ಹರಡುತ್ತದೆ. ಅನುಭವಿಗಳಾದ ರೈತರು ಸೊಪ್ಪಿನ ಹದವನ್ನು ಬಣ್ಣದಿಂದಲೂ ಸ್ಪರ್ಶದಿಂದಲೂ ಅರಿಯುವಂತೆ ವಾಸನೆಯಿಂದಲೂ ಅರಿಯುತ್ತಾರೆ. ಎಲೆಯೊಳಗಿನ ಮಾರ್ಪಾಡನ್ನು ಮೂಗು ಬಲ್ಲುದಾದರೆ, ದೇಹದೊಳಗೆ ಅಡಗಿರುವ ಕ್ಯಾನ್ಸರನ್ನೂ ಅದು ಬಲ್ಲುದೇ?

ಈ ಪ್ರಶ್ನೆಯನ್ನು ಮೊದಲು ಎತ್ತಿದ್ದು ಒಂದು ನಾಯಿ ಎನ್ನಬಹುದು. ಮಹಿಳೆಯೊಬ್ಬಳ ಕಾಲಿನ ಮಚ್ಚೆಯೊಂದನ್ನು ಆಕೆಯ ನಾಯಿ ಬಿಡದೆ ಮೂಸುತ್ತಿತ್ತು. ಪರೀಕ್ಷಿಸಿದಾಗ ಅದು ಚರ್ಮದ ಕ್ಯಾನ್ಸರ್ ಎಂದು ತಿಳಿಯಿತು. ಈ ಸಂಗತಿಯನ್ನು 1989ರಲ್ಲಿ ಬ್ರಿಟನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. 2004ರಲ್ಲಿ ಅದೇ ದೇಶದ ಸಂಶೋಧಕರು ಏಳು ಮೂತ್ರದ ಮಾದರಿಗಳ ನಡುವೆ ಮೂತ್ರಕೋಶದ ಕ್ಯಾನ್ಸರ್ ರೋಗಿಯ ಒಂದನ್ನಿರಿಸಿ, ತರಬೇತಾದ ನಾಯಿಗಳನ್ನು ಪರೀಕ್ಷೆಗೊಡ್ಡಿದರು. 54 ಸಲದಲ್ಲಿ 22 ಸಲ ನಾಯಿಗಳ ಆಯ್ಕೆ ಸರಿಯಾಯಿತು. ಬರಿಯ ಅದೃಷ್ಟದಿಂದಾದರೆ ಎಂಟು ಸಲ ಸರಿಯಾಗುತ್ತಿತ್ತು, ಅಷ್ಟೆ. ಬೆಂಗಳೂರಿನಲ್ಲಿಯೂ ‘ಡಾಗ್ನೋಸಿಸ್’ ಎಂಬ ಸಂಸ್ಥೆ, ಮುಖಕವಚದಲ್ಲಿ ಹಿಡಿದ ಉಸಿರನ್ನು ನಾಯಿಗಳಿಂದ ಮೂಸಿಸುವ ಪ್ರಯೋಗ ಕೈಗೊಂಡಿದೆ.

ಇದರಲ್ಲಿ ಪವಾಡವೇನೂ ಇಲ್ಲ. ರೋಗ ಹಿಡಿದ ಜೀವಕೋಶದ ವ್ಯಾಪಾರವೇ ಬೇರೆ. ಅದರಿಂದ ಹುಟ್ಟುವ, ಸುಲಭವಾಗಿ ಆವಿಯಾಗುವ ವಸ್ತುಗಳು ರಕ್ತಕ್ಕೆ ಸೇರಿ, ಉಸಿರು, ಬೆವರು, ಮೂತ್ರಗಳ ಮೂಲಕ ಹೊರಬೀಳುತ್ತವೆ. ಮನುಷ್ಯನ ಉಸಿರಿನಲ್ಲಿ ಸುಮಾರು 250 ವಸ್ತುಗಳಿರುವುದನ್ನು ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1971ರಲ್ಲಿಯೇ ತೋರಿಸಿದ್ದರು. ಅವುಗಳಲ್ಲಿ ರೋಗದ ಗುರುತು ಯಾವುದೆಂದು ಆರಿಸುವುದೇ ಇಂದಿನ ಸಾಹಸ.

ಹೊಗೆಸೊಪ್ಪಿನ ಸೀಮೆಯಲ್ಲಿ ಈ ಸಾಹಸ ಇನ್ನೂ ಕಠಿನ. ಬೀಡಿ, ಸಿಗರೇಟು ಸೇದುವವನ ಉಸಿರಿನಲ್ಲಿ ಬೆಂಜೀನ್ ಮೊದಲಾದ ಹೊಗೆಯ ವಸ್ತುಗಳು ಬೆರೆತಿರುತ್ತವೆ. ರೋಗಿಗಳೆಲ್ಲ ಸೇದುವವರು, ಆರೋಗ್ಯವಂತರೆಲ್ಲ ಸೇದದವರು ಎಂದಾದರೆ, ಯಂತ್ರವು ಕ್ಯಾನ್ಸರಿನ ಬದಲು ಹೊಗೆಯನ್ನೇ ಗುರುತಿಸೀತು! ಆದ್ದರಿಂದ ರೋಗವಿಲ್ಲದ ಧೂಮಪಾನಿಯೊಡನೆ ರೋಗಿಯನ್ನು ಹೋಲಿಸಿ ಗೆದ್ದ ಪರೀಕ್ಷೆಯೇ ನಂಬಲರ್ಹ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹೊಗೆಸೊಪ್ಪು ಬೆಳೆದವರಿಗೆಲ್ಲ ಬಾಯಿಯ ಕ್ಯಾನ್ಸರ್ ಬರುವುದಿಲ್ಲ. ಸೇದುವವರಿಗೆ, ಕಡ್ಡಿಪುಡಿ ಜಗಿಯುವವರಿಗೆ ಅಪಾಯ ಹೆಚ್ಚು. ಬಾಯಿಯೋ ಕಣ್ಣಿಗೆ ಕಾಣುವ ಸ್ಥಳ. ತಿರುವನಂತಪುರ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದ್ದರ ಫಲ 2005ರಲ್ಲಿ ಪ್ರಕಟವಾಯಿತು: ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಕ್ಯಾನ್ಸರಿನ ಮರಣ ಶೇಕಡ 34ರಷ್ಟು ಕಡಿಮೆಯಾಗಿತ್ತು.

ಮೂರು ವಾರವಾದರೂ ಮಾಯದ ಹುಣ್ಣು, ಅಳಿಯದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ—ಇವು ಕಂಡಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗುವುದು ಲೇಸು. ವಾಸನೆಯ ವಿದ್ಯೆ ಪಕ್ವವಾಗಲು ಕಾಲ ಬೇಕು. ಕನ್ನಡಿಯ ಮುಂದೆ ಬಾಯಿ ತೆರೆಯಲು ಒಂದು ನಿಮಿಷ ಸಾಕು.