ಆಷಾಢದ ಗಾಳಿಪಟದಲ್ಲಿ ಭಿನ್ನರಾಶಿ

1/4 ದೊಡ್ಡದೋ 1/8 ದೊಡ್ಡದೋ ಎಂದು ನಾಲ್ಕನೇ ತರಗತಿಯಲ್ಲಿ ಕೇಳಿ ನೋಡಿ. ಬಹಳಷ್ಟು ಮಕ್ಕಳು 1/8 ಎನ್ನುತ್ತಾರೆ. ನಾಲ್ಕಕ್ಕಿಂತ ಎಂಟು ದೊಡ್ಡದು ಎಂದು ಅದುವರೆಗೆ ಕಲಿತದ್ದೇ ಇಲ್ಲಿ ಅಡ್ಡ ಬರುತ್ತದೆ. ಅಂಶ, ಛೇದ ಎಂದು ಹಲಗೆಯ ಮೇಲೆ ಎಷ್ಟು ಬರೆದರೂ ಬಿಡದ ಈ ಗಂಟನ್ನು ಒಂದು ಚೌಕ ಕಾಗದ ಬಿಡಿಸಬಲ್ಲದು. ಹಳೇ ಮೈಸೂರು ಸೀಮೆಯಲ್ಲಿ ಆಷಾಢದ ಗಾಳಿ ಎದ್ದರೆ ಮಕ್ಕಳಿಗೆ ಗಾಳಿಪಟದ್ದೇ ಧ್ಯಾನ. ಗಣಿತದ ಮೇಷ್ಟ್ರಿಗೆ ಅದಕ್ಕಿಂತ ಒಳ್ಳೆಯ ಕಾಲ ಸಿಗದು.

ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ಎರಡು ಭಾಗ, ಇನ್ನೊಮ್ಮೆ ಮಡಚಿದರೆ ನಾಲ್ಕು. ಮೂರನೆಯ ಮಡಿಕೆ ಹಾಕಿಸಿ, ಬಿಚ್ಚುವ ಮೊದಲು ‘ಎಷ್ಟು ಭಾಗ?’ ಎಂದು ಕೇಳಬೇಕು. ಆರು ಎನ್ನುವವರು ಇದ್ದೇ ಇರುತ್ತಾರೆ. ಬಿಚ್ಚಿದಾಗ ಎಂಟು ತ್ರಿಕೋನ! ಮಡಿಕೆ ಹೆಚ್ಚಿದಷ್ಟೂ ತುಂಡು ಕಿರಿದಾಗುವುದನ್ನು ಮಗುವಿನ ಕೈಯೇ ಅರಿತಿರುತ್ತದೆ.

ನಿಜವಾದ ಗಣಿತ ಶುರುವಾಗುವುದು ಬಣ್ಣದ ಕಾಗದ ಅಂಟಿಸುವಾಗ. ಪಟದ ಅರ್ಧ ನೀಲಿ, ಕಾಲು ಭಾಗ ಕೆಂಪು, 1/8 ಹಳದಿ, 1/8 ಹಸಿರು ಎಂದು ತಂಡ ತೀರ್ಮಾನಿಸುತ್ತದೆ ಎನ್ನೋಣ. ಕೆಂಪನ್ನೆಲ್ಲ ಒಂದೇ ಬದಿಗೆ ಅಂಟಿಸಿದರೆ ಭಾರ ಅತ್ತ ವಾಲಿ ಪಟ ಸುತ್ತು ಹೊಡೆಯುತ್ತದೆ. ಹಾಗಾಗಿ ನಡುಕಡ್ಡಿಯ ಎರಡೂ ಕಡೆಗೆ ಒಂದೊಂದು 1/8 ಕೆಂಪು ಬೇಕು. 1/4 ಎಂದರೆ 2/8 ಎಂಬುದನ್ನು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ಹಳದಿಯ ಸರದಿ ಬಂದಾಗ ಮಕ್ಕಳು ತಡೆಯುತ್ತಾರೆ: ಇರುವುದೇ ಒಂದು ತುಂಡು, ಎರಡು ಬದಿಗೆ ಹಂಚುವುದು ಹೇಗೆ? ಅದನ್ನೂ ಮಡಚಿ ಕತ್ತರಿಸಿದರೆ ಎರಡು 1/16. ಪಠ್ಯದಲ್ಲಿ ಸಮಾನ ಭಿನ್ನರಾಶಿ ಎಂಬ ಒಣ ಶೀರ್ಷಿಕೆಯಡಿ ಬರುವುದು ಇಲ್ಲಿ ಪಟ ಹಾರಿಸಲು ಬೇಕಾದ ವಿದ್ಯೆ.

ಕಾಗದ ಮಡಚಿ ಗಣಿತ ಕಲಿಸುವುದು ಹೊಸತೇನಲ್ಲ. ಜರ್ಮನಿಯ ಫ್ರೋಬೆಲ್ 19ನೇ ಶತಮಾನದಲ್ಲೇ ತನ್ನ ಶಿಶುವಿಹಾರದ ಚಟುವಟಿಕೆಗಳಲ್ಲಿ ಇದಕ್ಕೆ ಜಾಗ ಕೊಟ್ಟಿದ್ದ. ಅದರಿಂದ ಪ್ರೇರಣೆ ಪಡೆದ ಟಿ. ಸುಂದರರಾವ್ ಮಡಿಕೆಗಳಿಂದಲೇ ರೇಖಾಗಣಿತ ಕಲಿಸುವ ಇಂಗ್ಲಿಷ್ ಪುಸ್ತಕವೊಂದನ್ನು 1893ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. 1901ರಲ್ಲಿ ಅದು ಶಿಕಾಗೊದಲ್ಲೂ ಅಚ್ಚಾಯಿತು. ನಲಿ-ಕಲಿಯಲ್ಲಿ ಗುಂಪಾಗಿ ಕೂತು ಕೈಯಾರೆ ಕಲಿತು ಬಂದ ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ಈ ದಾರಿ ಸಹಜವೇ.

ಒಂದು ಎಚ್ಚರ ಮಾತ್ರ ಬೇಕು. ಅಂಟು, ಜರಿ, ಬಾಲಂಗೋಚಿಯ ಸಂಭ್ರಮದಲ್ಲಿ ಲೆಕ್ಕ ಕಳೆದುಹೋಗಬಾರದು. ಪ್ರತಿ ತಂಡವೂ ತನ್ನ ಪಟದ ಬೆನ್ನಿಗೆ 1/2 + 1/4 + 1/8 + 1/8 = 1 ಎಂದು ಬರೆಯಲಿ. ಎಲ್ಲರ ಚೌಕವೂ ಒಂದೇ ಅಳತೆಯದಿರಲಿ. ಇಲ್ಲದಿದ್ದರೆ ದೊಡ್ಡ ಕಾಗದದ ಕಾಲು ಭಾಗ ಚಿಕ್ಕ ಕಾಗದದ ಅರ್ಧವನ್ನು ಮೀರಿಸಿ ಗೊಂದಲ ಹುಟ್ಟೀತು.

ಮೂರರ ಛೇದವನ್ನು ದೀಪಾವಳಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಆರು ಮುಖದ ಆಕಾಶಬುಟ್ಟಿಗೆ ಪಟ್ಟಿಯನ್ನು ಮೊದಲು ಮೂರು ಸಮ ಭಾಗ ಮಾಡಬೇಕು, ಆಮೇಲೆ ಒಂದೊಂದನ್ನೂ ಎರಡು. ಅರ್ಧ, ಅರ್ಧದ ಅರ್ಧ ಎಂದು ಮಡಚುತ್ತ ಹೋದರೆ ಮೂರು ಎಂದಿಗೂ ಸಿಗುವುದಿಲ್ಲ. ಯಾಕೆ ಎಂದು ಮಕ್ಕಳೇ ಕೇಳುತ್ತಾರೆ.